ಜಿಂಕೆಯ ಕಾಲಿನ ಕೆಂಪು ಮಣಿ

ಹಿಮ್ಮಡಿ ಒಡಕಿಗೆಂದು ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಕೊಬ್ಬರಿ ಎಣ್ಣೆಯಲ್ಲಿ ಜೇನುಮೇಣ ಕರಗಿಸುತ್ತಿದ್ದಳು. ಆ ವಾಸನೆ ಬಂದದ್ದೇ ನಾನು ಅಪರಾಧಿಯಂತೆ ನೆಟ್ಟಗೆ ಕೂತೆ. ಜೇನುಮೇಣ ಎಂದರೆ ನಿಮಗೆ ಏನು ನೆನಪಾಗುತ್ತದೋ ಕಾಣೆ; ನನಗೆ ಒಂದು ಜಿಂಕೆಯ ಕಾಲು.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆ ತಾರೀಖು ತಪ್ಪುತ್ತದೆಂದು ಲೋಕವೆಲ್ಲ ಹೆದರಿದ್ದ ಕಾಲ. ಆ ತಪ್ಪು ಹುಡುಕಲು ನನ್ನನ್ನು ಬೆಂಗಳೂರಿನಿಂದ ಜಪಾನಿನ ತ್ಸುಕುಬಾಕ್ಕೆ ಕಳಿಸಿದ್ದರು. ಅಭ್ಯಾಸಬಲದಿಂದ ಮನೆಯಲ್ಲೂ ಹುಡುಕುತ್ತಿದ್ದೆ. ಹೆಂಡತಿ ಬಾಗಿಲಿಗೆ ರಂಗೋಲಿ ಇಟ್ಟರೆ ಚುಕ್ಕಿ ಎಣಿಸಿ, ಎಲ್ಲಿ ಸಾಲು ಕೆಟ್ಟಿದೆಯೆಂದು ಹೇಳುತ್ತಿದ್ದೆ. ಅವಳು ಕೆಲವು ದಿನ ರಂಗೋಲಿ ಇಡುವುದನ್ನೇ ಬಿಟ್ಟಳು.

ಪಕ್ಕದ ಮನೆಯಲ್ಲಿ ಲೂಪೆ ಎಂಬ ವಿದ್ಯಾರ್ಥಿನಿ ಇದ್ದಳು, ಮೆಕ್ಸಿಕೊದ ವಿಚೋಲ್ ಜನಾಂಗದವಳು. ಅವಳ ತಾಯಿ ಸೋರೆಬುರುಡೆಯ ಬಟ್ಟಲಿಗೆ ಜೇನುಮೇಣ ಬಳಿದು, ಸಾಸಿವೆಯಷ್ಟು ಮಣಿಗಳನ್ನು ಒಂದೊಂದಾಗಿ ಒತ್ತಿ ನೀಲಿ ಜಿಂಕೆ ಮೂಡಿಸಿದ್ದರು. ತಾಯಿ ತೀರಿಕೊಂಡ ಮೇಲೆ ಉಳಿದದ್ದು ಅದೊಂದೇ. ಒಂದೊಂದು ಮಣಿಯನ್ನೂ ಪರದೆಯ ಚುಕ್ಕೆಯಾಗಿಸಿ ಜಿಂಕೆಯನ್ನು ನಡೆಸಬೇಕು, ಯೂನಿವರ್ಸಿಟಿಯ ಪ್ರದರ್ಶನದಲ್ಲಿ ಎಲ್ಲರೂ ನೋಡಬೇಕು ಎಂಬುದು ಅವಳ ಆಸೆ. ಪ್ರೋಗ್ರಾಂ ಬರೆಯಲು ನಾನು ಒಪ್ಪಿದೆ.

ಕಂಪ್ಯೂಟರಿಗೆ ಹಾಕಿಕೊಂಡ ಬಟ್ಟಲಿನ ಫೋಟೋದಲ್ಲಿ ನೀಲಿ ಕಾಲಿನ ನಡುವೆ ಒಂದು ಕೆಂಪು ಮಣಿ ಕಂಡಿತು. ಯಾರನ್ನೂ ಕೇಳದೆ ಅದನ್ನು ನೀಲಿ ಮಾಡಿ, ಮೂಲ ಫೋಟೋ ಅಳಿಸಿದೆ. ಲೂಪೆ ನನ್ನ ಬಳಿ ಬಿಟ್ಟುಹೋಗಿದ್ದ ಬಟ್ಟಲು ಪೂಜ್ಯ ವಸ್ತು, ನೆಲದ ಮೇಲಿಡಬಾರದು. ಆಗಿನ ಮಾನಿಟರಿಗೆ ಅಗಲವಾದ, ಸದಾ ಬಿಸಿಯಾದ ತಲೆಯಿತ್ತು. ನಮ್ಮವರೆಲ್ಲ ಅದರ ಮೇಲೊಂದು ಪುಟ್ಟ ಗಣಪತಿ ಇಡುತ್ತಿದ್ದರು. ನಾನು ಗಣಪತಿಯ ಪಕ್ಕದಲ್ಲೇ ಬಟ್ಟಲನ್ನಿಟ್ಟೆ.

"ರೀ, ನಿಮ್ ಮಾನಿಟರ್ ಮೇಲೆ ಏನೋ ಮೆಲ್ಟ್ ಆಗ್ತಿದೆ ನೋಡಿ," ಎಂದಳು ಹೆಂಡತಿ.

ಗಣಪತಿ ಕ್ಷೇಮವಾಗಿದ್ದ. ಜಿಂಕೆಯ ಹಿಂಗಾಲು ಮೇಣದೊಂದಿಗೆ ಜಾರಿ ಕೀಬೋರ್ಡಿಗೆ ಬಂದಿತ್ತು.

ಲೂಪೆ ಬಂದಳು. ನಾನು ಮೇಲಿಂದ ಮೇಲೆ ಸುಮಿಮಾಸೆನ್ ಎಂದು ಜಪಾನಿ ಭಾಷೆಯಲ್ಲಿ ಕ್ಷಮೆ ಕೇಳಿದೆ. ಅವಳು ಮಣಿಗಳನ್ನು ತಟ್ಟೆಗೆ ಆಯ್ದುಕೊಂಡು, "ಪರವಾಗಿಲ್ಲ, ಪರದೆಯಲ್ಲಿದೆಯಲ್ಲ, ನೋಡಿಕೊಂಡು ಒತ್ತುತ್ತೇನೆ," ಎಂದಳು. ಹೆಬ್ಬೆರಳಿನಿಂದ ಮೇಣ ಸವರಿ ಸಂಜೆಯವರೆಗೆ ಒತ್ತಿದಳು. ಕೊನೆಗೆ ಬಟ್ಟಲಿನಲ್ಲಿ ಒಂದು ಮಣಿಯ ಜಾಗ ಖಾಲಿ ಉಳಿಯಿತು, ತಟ್ಟೆಯಲ್ಲಿ ಒಂದು ಕೆಂಪು ಮಣಿ.

"ಪರದೆಯಲ್ಲಿ ಇದನ್ನು ಏನು ಮಾಡಿದಿರಿ?"

"ತಪ್ಪಾಗಿತ್ತು, ಸರಿ ಮಾಡಿದೆ."

"ಕೊನೆಕೊನೆಗೆ ಅಮ್ಮನಿಗೆ ಬಣ್ಣ ತಿಳಿಯುತ್ತಿರಲಿಲ್ಲ. ಇದು ನೀಲಿ ಅಂದುಕೊಂಡೇ ಒತ್ತಿದಳು. ನಾನು ಪಕ್ಕದಲ್ಲೇ ಕೂತಿದ್ದೆ, ಹೇಳಲಿಲ್ಲ."

ನನಗೆ ಬಹಳ ನಾಚಿಕೆಯಾಯಿತು. ಅವಳು ಪರದೆಯತ್ತ ನೋಡದೆ, ನೆನಪಿನಿಂದಲೇ, ಮೊಣಕಾಲಿನ ಹತ್ತಿರದ ಒಂದು ನೀಲಿ ಮಣಿಯನ್ನು ಸೂಜಿಯಿಂದ ಎಬ್ಬಿಸಿ ಖಾಲಿ ಜಾಗಕ್ಕೆ ಹಾಕಿ, ಅದರ ಜಾಗದಲ್ಲಿ ಕೆಂಪು ಮಣಿಯನ್ನು ಒತ್ತಿದಳು. ನಾನು ಕಂಪ್ಯೂಟರಿನ ಮುಂದೆ ಕೂತು, ಅದೇ ಚುಕ್ಕೆಯನ್ನು ಹುಡುಕಿ ಕೆಂಪು ಮಾಡಿದೆ. ಪ್ರದರ್ಶನದಲ್ಲಿ ಜಿಂಕೆ ಚೆನ್ನಾಗಿ ನಡೆಯಿತು. ಹೊಸ ಇಸವಿಯೂ ಬಂತು, ಲೋಕ ನಿಲ್ಲಲಿಲ್ಲ.

ಈಗ ನಾವಿರುವುದು ಜಪಾನಿನಲ್ಲೇ, ಇಚಿಕಾವಾದಲ್ಲಿ. ಹೆಂಡತಿಯ ಕಣ್ಣಿಗೆ ಪೊರೆ ಬರುತ್ತಿದೆ. ಮೊನ್ನೆ ಹಿಮ್ಮಡಿಗೆ ಮೇಣ ಹಚ್ಚಿಕೊಂಡು, ಬಾಗಿಲಿಗೆ ರಂಗೋಲಿ ಇಟ್ಟು, "ಸಾಲು ನೆಟ್ಟಗಿದ್ಯೇನ್ರೀ?" ಎಂದು ಕೇಳಿದಳು. ಒಂದು ಚುಕ್ಕಿ ಗೋಡೆಯ ಕಡೆಗೆ ಹೊರಟುಹೋಗಿತ್ತು.

"ಇದೆ ಕಣೇ," ಎಂದು, ಆ ಚುಕ್ಕಿಯನ್ನು ತುಳಿಯದಂತೆ ದಾಟಿ ಆಫೀಸಿಗೆ ಹೊರಟೆ.