ಸುವರ್ಣಾ ಹೆಸರು ಬರೆಯದ ಶಿಲುಬೆ

ಬೆಳಗಿನ ಆರು ಗಂಟೆ. ಹೈದರಾಬಾದಿನ ಹಳೆಯ ಕ್ರೈಸ್ತ ಸ್ಮಶಾನದಲ್ಲಿ ಸುವರ್ಣಾ ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ಸುಣ್ಣ ಬಳಿದ ಸಿಮೆಂಟಿನ ಶಿಲುಬೆ. ಕೈ ನಡುಗದಂತೆ ಬಲಗೈಯನ್ನು ಎಡಗೈ ಮುಷ್ಟಿಯ ಮೇಲೆ ಊರಿಕೊಂಡು ಮಾಸಿದ ತೆಲುಗು ಅಕ್ಷರಗಳಿಗೆ ಕಪ್ಪು ಬಣ್ಣ ತುಂಬುತ್ತಿದ್ದಾರೆ. ಇಂದು ನವೆಂಬರ್ ಎರಡು, ಮೃತರನ್ನು ನೆನೆಯುವ ದಿನ. ಇಲ್ಲಿಯವರ ಬಾಯಲ್ಲಿ ಅದು 'ಸಮಾಧುಲ ಪಂಡುಗ', ಸಮಾಧಿಗಳ ಹಬ್ಬ. ಇನ್ನೆರಡು ತಾಸಿಗೆ ಚೆಂಡು ಹೂವು, ಮೇಣದಬತ್ತಿ ಹಿಡಿದ ಜನ ಬಂದುಬಿಡುತ್ತಾರೆ. ಅಷ್ಟರೊಳಗೆ ಹನ್ನೊಂದು ಹೆಸರು ಮುಗಿಯಬೇಕು.

"ಸತ್ತವರು ಕಾಯ್ತಾರ ರೀ. ಅವರ ಮಂದಿ ಕಾಯಂಗಿಲ್ಲ," ಎನ್ನುತ್ತಾರೆ ತಲೆ ಎತ್ತದೆ.

ಐವತ್ತೆರಡರ ಸುವರ್ಣಾ ರಾಯಚೂರು ಜಿಲ್ಲೆಯ ಮುದಗಲ್ಲ ಕಡೆಯವರು. ಗಂಡ ಆನಂದಕುಮಾರ ಸುಲ್ತಾನ್ ಬಜಾರಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಕಂಪ್ಯೂಟರಿನ ಫ್ಲೆಕ್ಸ್ ಬಂದು ಆ ಕೆಲಸ ಹೋಯಿತು. ಉಳಿದದ್ದು ಶಿಲುಬೆಗಳು ಮಾತ್ರ. ಆರು ವರ್ಷದ ಹಿಂದೆ ಅವರು ತೀರಿಕೊಂಡಾಗ ಅವರ ಶಿಲುಬೆ ಬರೆಯಲು ಬೇರೆ ಯಾರೂ ಇರಲಿಲ್ಲ. ಸುವರ್ಣಾ ಬರೆದ ಮೊದಲ ಹೆಸರು ಅದೇ. ಓದಿದ್ದು ನಾಲ್ಕನೇ ಇಯತ್ತೆ. ತೆಲುಗು ಇಲ್ಲಿಗೆ ಬಂದು ಕಲಿತರು, ಇಂಗ್ಲಿಷನ್ನು ರಂಗೋಲಿಯಂತೆ ನೋಡಿ ಇಳಿಸುತ್ತಾರೆ. ಮಾಮೂಲಿ ದಿನಗಳಲ್ಲಿ ಎರಡೋ ಮೂರೋ ಹೆಸರು, ಅಕ್ಟೋಬರಿನ ಕೊನೆಯ ವಾರ ದಿನಕ್ಕೆ ಮೂವತ್ತು. ಒಂದು ಹೆಸರನ್ನೂ ತಪ್ಪು ಬರೆದವಳಲ್ಲ ಎಂದು ಎರಡು ವರ್ಷದ ಹಿಂದಿನವರೆಗೂ ನಂಬಿಕೊಂಡಿದ್ದರು.

ನಾಲ್ಕು ವರ್ಷದ ಹಿಂದೆ, 2004ರ ಬೇಸಿಗೆಯಲ್ಲಿ, ಕೊಂಡಾಪುರದಲ್ಲಿ ಏಳುತ್ತಿದ್ದ ಕಟ್ಟಡವೊಂದರ ಸಾರುವೆ ಕುಸಿದು ಒಬ್ಬ ಕೂಲಿಯಾಳು ಸತ್ತ. ಮುಖ ಗುರುತು ಸಿಗುವಂತಿರಲಿಲ್ಲ. ಜೇಬಿನಲ್ಲಿದ್ದ ಗೇಟ್ ಪಾಸಿನಲ್ಲಿ ದೇವಪುತ್ರ ಎಂಬ ಹೆಸರಿತ್ತು, ಫೋಟೋ ಇರಲಿಲ್ಲ. ಲಿಂಗಸುಗೂರಿನ ಹತ್ತಿರದ ಹಳ್ಳಿಯಿಂದ ತಾಯಿ ಜಯಮ್ಮನನ್ನು ಕರೆಸಿದರು. ಬಟ್ಟೆ ಸುತ್ತಿದ ದೇಹವನ್ನು ಆಕೆ ಅಪ್ಪಿಕೊಂಡು ಅತ್ತರು. ಇದೇ ಸ್ಮಶಾನದಲ್ಲಿ ಮಣ್ಣು ಮಾಡಿದರು, ಶಿಲುಬೆಯ ಮೇಲೆ ಸುವರ್ಣಾ ಕನ್ನಡದಲ್ಲೇ ಹೆಸರು ಬರೆದುಕೊಟ್ಟರು. ಮುಂದಿನ ವರ್ಷ ಜಯಮ್ಮ ಬಂದು ಮೇಣದಬತ್ತಿ ಹಚ್ಚಿ ಹೋದರು.

ಅದರ ಮರುವರ್ಷ, ಇಂಥದ್ದೇ ಬೆಳಗು. ಸುವರ್ಣಾ ಅದೇ ಶಿಲುಬೆಯ ಅಕ್ಷರ ತಿದ್ದುತ್ತಿರುವಾಗ ಜಯಮ್ಮ ಬಂದರು. ಹಿಂದೆ ಒಬ್ಬ ಗಂಡಸು ನಿಂತಿದ್ದ.

"ಇವ ನನ್ನ ಮಗ ರೀ, ಅಕ್ಕಾರ."

"ಇನ್ನೊಬ್ಬ ಮಗಾನೂ ಅದಾನೇನ್ರಿ? ನೀವು ಹೇಳೇ ಇಲ್ಲ."

"ಇನ್ನೊಬ್ಬ ಅಲ್ರಿ. ಇರಾಂವ ಒಬ್ಬನ. ಇವನ ದೇವಪುತ್ರ."

ಸುವರ್ಣಾರ ಕೈಯಲ್ಲಿದ್ದ ಬ್ರಷ್ಷು ಮಣ್ಣಿಗೆ ಬಿತ್ತು. ಬಣ್ಣದ ಡಬ್ಬಿ ಕಾಲಿಗೆ ತಗುಲಿ ಮಗುಚಿತು. ಆ ಗಂಡಸು ಬಗ್ಗಿ ತನ್ನ ಹೆಸರು ಓದಿಕೊಂಡ, ಕೆಳಗಿನ ತಾರೀಖು ಓದಿದ. "ಆವತ್ತ ನಾ ಪುಣೇದಾಗ ರೋಡಿಗೆ ಡಾಂಬರ ಹಾಕಾಕತ್ತಿದ್ದೆ," ಎಂದ ಮೆಲ್ಲಗೆ.

ಮದುವೆ ಮಾತಿಗೆ ತಾಯಿಯ ಜೊತೆ ಜಗಳವಾಡಿ ಎರಡು ವರ್ಷ ಆತ ಊರ ಕಡೆ ಮುಖ ಹಾಕಿರಲಿಲ್ಲ. ಪುಣೆಗೆ ಹೋಗುವ ದಿನ ತನ್ನ ಪಾಸನ್ನು ಕೂಲಿಯಾಳುಗಳು ಬೆಳಿಗ್ಗೆ ಸೇರುವ ಅಡ್ಡಾದಲ್ಲಿ ಕೆಲಸಕ್ಕೆ ನಿಂತಿದ್ದ ಹುಡುಗನೊಬ್ಬನಿಗೆ ಕೊಟ್ಟಿದ್ದ. ಪಾಸಿಲ್ಲದೆ ಗೇಟಿನೊಳಗೆ ಬಿಡುತ್ತಿರಲಿಲ್ಲ. ಆ ಹುಡುಗ ಕಲಬುರ್ಗಿ ಕಡೆಯ ಕನ್ನಡ ಮಾತಾಡುತ್ತಿದ್ದ. ಹೆಸರು ಕೇಳಿರಲಿಲ್ಲ.

"ಬದುಕಿದಾಂವನ್ನ ನನ್ನ ಕೈಲೇ ಸಾಯಿಸಿದ್ದೆ ರೀ," ಎನ್ನುತ್ತಾರೆ ಸುವರ್ಣಾ. "ಅದಕ್ಕಿಂತ, ಒಳಗ ಮಲಗಿದಾಂವನ ಅವ್ವ ಇನ್ನೂ ಬಾಗಲಾ ತಕ್ಕೊಂಡು ಕುಂತಿರಬೇಕಲ್ಲ ಅನ್ನೂ ಚಿಂತಿ ಹೆಚ್ಚಾತು."

ವಿಷಯ ಪೊಲೀಸರಿಗೆ ಹೋಯಿತು. ಕೆಲಸದ ಗುತ್ತಿಗೆ ಹಿಡಿದವನು ಅಷ್ಟರಲ್ಲಿ ಎಲ್ಲಿಗೋ ಹೋಗಿದ್ದ, ಹುಡುಗನ ಗುರುತು ಪತ್ತೆಯಾಗಲಿಲ್ಲ. ಸುವರ್ಣಾ ಮರಳು ಕಾಗದದಿಂದ ಉಜ್ಜಿ ಹೆಸರು ತೆಗೆದರು. 'ಅಪರಿಚಿತ' ಎಂದು ಬರೆಯಲು ಚರ್ಚಿನ ಫಾದರ್ ಹೇಳಿದರು. ಯಾರ ಮಾತಿಗೂ ಎದುರಾಡದ ಸುವರ್ಣಾ ಅಂದು ಒಪ್ಪಲಿಲ್ಲ. "ಅಪರಿಚಿತ ಅಂತ ಯಾವ ತಾಯಿ ಹೆಸರಿಡ್ತಾಳ ರೀ, ಫಾದರ್?" ಎಂದರು. ತಾರೀಖು ಮಾತ್ರ ಉಳಿಯಿತು. ನವೆಂಬರ್ ಒಂದರ ಸಕಲ ಸಂತರ ಹಬ್ಬ ಯಾರೂ ಹೆಸರು ಬರೆದಿಡದ ಸಂತರದೂ ಹೌದು ಎಂದು ಆ ಫಾದರೇ ಹಿಂದೊಮ್ಮೆ ಪ್ರವಚನದಲ್ಲಿ ಹೇಳಿದ್ದರು. ಈಗ ಆ ದಿನವೂ ಸುವರ್ಣಾ ಅಲ್ಲಿ ದೀಪ ಹಚ್ಚುತ್ತಾರೆ.

ಅಲ್ಲಿಗೆ ಸುಮ್ಮನಾಗಲಿಲ್ಲ. ಪ್ರತಿ ಭಾನುವಾರ ಚರ್ಚಿನ ಪೂಜೆಗೆ ಮುಂಚೆ ಮೊದಲ ಬಸ್ಸು ಹಿಡಿದು ಕೊಂಡಾಪುರದ ಅಡ್ಡಾಕ್ಕೆ ಹೋಗುತ್ತಾರೆ. ಗಾಜಿನ ಕಟ್ಟಡಗಳ ಕೆಳಗೆ ಸಲಿಕೆ, ಬುತ್ತಿ ಹಿಡಿದು ನಿಂತವರಲ್ಲಿ ಕನ್ನಡದವರನ್ನು ಹುಡುಕಿ ಕೇಳುತ್ತಾರೆ: ನಾಲ್ಕು ವರ್ಷದ ಹಿಂದೆ ಈ ಕಡೆ ಬಂದ ನಿಮ್ಮೂರ ಹುಡುಗ ಯಾರಾದರೂ ತಿರುಗಿ ಬಂದಿಲ್ಲವೇ?

ಒಂದು ಮನೆಯವರು ಸಿಕ್ಕರೆ ಸಾಕೆಂದುಕೊಂಡಿದ್ದರು. ಎರಡು ವರ್ಷದಲ್ಲಿ ನಾಲ್ಕು ಮನೆಯವರು ಸಿಕ್ಕಿದ್ದಾರೆ. ಎಲ್ಲರದೂ ಇಪ್ಪತ್ತರ ಆಸುಪಾಸಿನ ಮಗ, ಎಲ್ಲ ಹುಡುಗರೂ ಅದೇ ಬೇಸಿಗೆಯಲ್ಲಿ ಹೈದರಾಬಾದಿಗೆ ಬಂದು ಊರಿಗೆ ತಿರುಗಿ ಹೋಗದವರು.

ಎಂಟು ಗಂಟೆಯ ಹೊತ್ತಿಗೆ ಆ ನಾಲ್ಕು ಮನೆಯವರು ಹೆಸರಿಲ್ಲದ ಶಿಲುಬೆಯ ಬಳಿಗೆ ಬರುತ್ತಾರೆ. ಸೇಡಂ ಕಡೆಯ ಯಮುನಾಬಾಯಿ ತೆಂಗಿನಕಾಯಿ ಒಡೆದು ಕುಂಕುಮ ಇಡುತ್ತಾರೆ. ಸುರಪುರದ ಹುಸೇನಪ್ಪ ಊದಿನಕಡ್ಡಿ ಸಿಕ್ಕಿಸಿ, ಟವೆಲ್ಲು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಾರೆ. ಉಳಿದ ಇಬ್ಬರು ತಾಯಂದಿರು ಒಬ್ಬರ ಮುಖ ಒಬ್ಬರು ನೋಡದೆ ಮಣ್ಣು ಸವರುತ್ತಾರೆ. ಜಯಮ್ಮನೂ ಮಗನೂ ಹಿಂದೆ ನಿಂತಿದ್ದಾರೆ. ಫಾದರ್ ಬಂದು ಪವಿತ್ರ ಜಲ ಚಿಮುಕಿಸುವಾಗ ಕುಂಕುಮವನ್ನಾಗಲೀ ಊದಿನಕಡ್ಡಿಯನ್ನಾಗಲೀ ತೆಗೆಯಲು ಹೇಳುವುದಿಲ್ಲ.

ಸುವರ್ಣಾ ದೂರದಿಂದ ನೋಡುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಸೆರಗಿನಿಂದ ಬೆರಳ ಬಣ್ಣ ಒರೆಸಿಕೊಳ್ಳುತ್ತಾರೆ.

"ಮೊದಲ ದೇವರಿಗೆ ಒಂದ ಕೇಳ್ತಿದ್ದೆ ರೀ, ಅವನ ಹೆಸರು ಸಿಗಲಿ, ನನ್ನ ಕೈಲೇ ಬರೀತೀನಿ ಅಂತ. ಈ ನಾಕು ಮಂದಿ ಮುಖಾ ನೋಡಿದ ಮ್ಯಾಲ ಹಂಗ ಕೇಳಾಕ ಬಾಯಿ ಬರವಲ್ದು. ಯಾರ ಮಗನ ಹೆಸರು ಬರೀಲಿ, ನೀವ ಹೇಳ್ರಿ. ನಾಕೂ ಹುಡುಗರು ದೇವಪುತ್ರನಂಗ ನಡಕೊಂತ ಬರಲಿ."