ಮಾವನವರೂ ನಾನೂ ಕಟ್ಟಿದ ವಿಮಾನ

ಶ್ರೀನಿವಾಸಪುರದ ಆ ಮನೆಗೆ ನಾನು ಸೊಸೆಯಾಗಿ ಹೋದಾಗ ನನಗೆ ಹದಿನೇಳು ನಡೆಯುತ್ತಿತ್ತು. ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ. ನನ್ನ ತವರು ಮಾಲೂರು. ಅಪ್ಪ ಸ್ಕೂಲಿನಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ಹೆಣ್ಣುಮಕ್ಕಳೂ ನಾಲ್ಕಕ್ಷರ ಕಲಿಯಲಿ ಅನ್ನುವವರು. ಹಾಗಾಗಿ ನಾನು ಮಿಡ್ಲ್ ಸ್ಕೂಲು ಮುಗಿಸಿದ್ದೆ, ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಗಂಡನ ಮನೆಯಲ್ಲಿ ಅದು ದೊಡ್ಡ ಸಂಗತಿ. ಅವರ ಮನೆಮಾತು ತೆಲುಗು, ಬೀದಿಯಲ್ಲಿ ಕನ್ನಡ. ಎರಡನ್ನೂ ಬೆರೆಸಿ ಮಾತಾಡುತ್ತಿದ್ದರು. ಓದು ಬರಹ ಬರುತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ.

ಮಾವನವರು ಗಾಡಿ ಮಾಡುವವರು. ಮನೆ ಹಿಂದೆ ಹಂಚಿನ ಕೊಟ್ಟಿಗೆ, ಅದರ ತುಂಬ ಜಾಲಿ ಮರದ ತುಂಡು, ಅರ್ಧ ಮುಗಿದ ಚಕ್ರಗಳು. ಅವರು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಆ ಕಾಲದ ಪದ್ಧತಿಯೇ ಹಾಗೆ. ಅವರು ಒಳಗೆ ಬಂದರೆ ನಾನು ಎದ್ದು ಅಡುಗೆಮನೆಗೆ ಹೋಗಬೇಕು. ನೀರು ಬೇಕಿದ್ದರೂ ಅತ್ತೆಗೆ ಹೇಳುವರು, ಅತ್ತೆ ನನಗೆ ಹೇಳುವರು. ನಾಲ್ಕು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಆಡಿದ ಮಾತು ಹತ್ತು ಇದ್ದೀತೋ ಇಲ್ಲವೋ.

ನನ್ನ ಗಂಡ ಬೆಂಗಳೂರಿನಲ್ಲಿ ಫಿಟ್ಟರ್ ಆಗಿದ್ದರು. ಯುದ್ಧ ಶುರುವಾದ ಮೇಲೆ ವಿಮಾನ ರಿಪೇರಿ ಮಾಡುವ ಕಾರ್ಖಾನೆಗೆ ಸೇರಿಕೊಂಡರು. ತಿಂಗಳಿಗೊಮ್ಮೆ ಸಣ್ಣ ರೈಲಿನಲ್ಲಿ ಊರಿಗೆ ಬರುವರು. ಹಾಗೆ ಬಂದಾಗ ಒಂದು ಸಲ, ಚಾಪೆಯಷ್ಟು ಅಗಲದ ಕಾಗದವನ್ನು ಸುರುಳಿ ಸುತ್ತಿಕೊಂಡು ಬಂದರು. ಮಾದರಿ ವಿಮಾನದ ನಕ್ಷೆ. ಕಾರ್ಖಾನೆಯ ಇಂಗ್ಲಿಷ್ ಫೋರ್‌ಮನ್ ಕೊಟ್ಟದ್ದಂತೆ. ರೆಕ್ಕೆಯ ತುದಿಯಿಂದ ತುದಿಗೆ ಐದು ಮೊಳ. ಅಮೆರಿಕದಲ್ಲಿ ಇಂಥ ವಿಮಾನಕ್ಕೆ ರೇಡಿಯೋ ಜೋಡಿಸಿ, ನೆಲದ ಮೇಲೆ ನಿಂತೇ ಬೇಕಾದ ಕಡೆ ತಿರುಗಿಸುತ್ತಾರಂತೆ, ಆಕಾಶದಲ್ಲಿ ಲಾಗ ಹಾಕಿಸುತ್ತಾರಂತೆ ಎಂದು ನನಗೆ ಹೇಳಿದರು. ನಕ್ಷೆಯ ಹೊಟ್ಟೆಯ ಭಾಗದಲ್ಲಿ ಒಂದು ಚೌಕ ಗೀಚಿ, ಪೆನ್ಸಿಲಿನಲ್ಲಿ ‘ಇಲ್ಲಿ ರೇಡಿಯೋ’ ಎಂದು ಕನ್ನಡದಲ್ಲಿ ಬರೆದುಕೊಂಡಿದ್ದರು. ನಾನು ರೇಡಿಯೋವನ್ನು ನೋಡಿದ್ದೇ ಒಂದು ಸಲ, ಕೋಲಾರದ ಪಾರ್ಕಿನಲ್ಲಿ. ಆ ಬೀರುವಿನಷ್ಟು ದೊಡ್ಡದನ್ನು ಇದರ ಹೊಟ್ಟೆಯೊಳಗೆ ಹೇಗೆ ಇಡುತ್ತಾರೋ ಅಂತ ಕೇಳಿದೆ. ಅವರು ತುಂಬ ಹೊತ್ತು ನಕ್ಕರು.

ಬಂದಾಗಲೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ ಕೂತು ಬೂರುಗದ ಮರದ ತೆಳ್ಳನೆ ಹಲಗೆಯಲ್ಲಿ ರೆಕ್ಕೆಯ ಪಕ್ಕೆಲುಬುಗಳನ್ನು ಕೊಯ್ಯುವರು. ಒಂದೊಂದಕ್ಕೂ ನಂಬರು ಬರೆದು, ಎಡಗಡೆಯದು ಒಂದು ಕಟ್ಟು, ಬಲಗಡೆಯದು ಒಂದು ಕಟ್ಟು ಮಾಡಿ ಇಡುವರು. ಮಾವನವರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಸುಗ್ಗಿ ಹತ್ತಿರ ಬಂದಿದೆ, ಜನ ಗಾಡಿ ಕೇಳಿಕೊಂಡು ಬಾಗಿಲಿಗೆ ಬರುತ್ತಿದ್ದಾರೆ, ಕೈಗೆ ಬಂದ ಮಗ ಆಟದ ಸಾಮಾನು ಮಾಡುತ್ತಾ ಕೂತಿದ್ದಾನೆ ಎಂದು ಅತ್ತೆಯ ಹತ್ತಿರ ಗೊಣಗುವರು. ಒಂದು ದಿನ, ಮಗ ಬೆಂಗಳೂರಿನಲ್ಲಿದ್ದಾಗ, ಎಡಗಡೆಯ ಕಟ್ಟನ್ನು ತೆಗೆದು ಅಂಟು ಕುದಿಸುವ ಒಲೆಗೆ ಹಾಕಿದರು. ಚರ್ಮ ಕುದಿಸಿ ಮಾಡುವ ಆ ಅಂಟಿಗೆ ಬಡಗಿಗಳು ವಜ್ರ ಅನ್ನುತ್ತಾರೆ. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವರು ಹಾಕಿದ್ದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಮುಂದಿನ ತಿಂಗಳು ನನ್ನ ಗಂಡ ಬಂದು ಹುಡುಕಿದರು. ಒಲೆಯ ಬದಿಯಲ್ಲಿ ಅರ್ಧ ಸುಟ್ಟ ಒಂದು ತುಂಡು ಸಿಕ್ಕಿತು. ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಉಳಿದದ್ದನ್ನೆಲ್ಲ ನಕ್ಷೆಯ ಜೊತೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಅದಾದ ಎರಡು ತಿಂಗಳಿಗೆ ವಾಯುಪಡೆಗೆ ಫಿಟ್ಟರ್ ಆಗಿ ಸೇರಿ ಬರ್ಮಾ ಕಡೆಗೆ ಹೋದರು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಮಾವನವರು ಮಾತ್ರ ಇತ್ತು ಅಂತಲೇ ತಿಳಿದಿದ್ದರು.

ಕಾಗದಗಳು ಬರುತ್ತಿದ್ದವು. ಕೊನೆಯದರಲ್ಲಿ ಅಪ್ಪನಿಗೆಂದು ಎರಡು ಸಾಲು ಇತ್ತು. ಟ್ರಂಕಿನಲ್ಲಿರುವುದನ್ನು ಪುರುಸೊತ್ತಾದಾಗ ಜೋಡಿಸಿಡಿ, ಬರುವಾಗ ಸಣ್ಣ ಎಂಜಿನ್ನು ತರುತ್ತೇನೆ ಎಂದು. ಅದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಓದಿದೆ. ಮಾವನವರು ಕೇಳಿಸಿಕೊಂಡು ಎದ್ದು ಹೋದರು.

ಆಮೇಲೆ ಬಂದದ್ದು ಸರ್ಕಾರದ ಕಾಗದ. ಇಂಗ್ಲಿಷಿನಲ್ಲಿತ್ತು. ಅಂಚೆಯವನಿಗೂ ಬಾರದು, ಮನೆಯಲ್ಲಿ ನಾನೇ ಓದಬೇಕು. ಎರಡು ಸಲ ಓದಿಕೊಂಡೆ. ‘ಎಲ್ಲಿದ್ದಾರೋ ಗೊತ್ತಾಗುತ್ತಿಲ್ಲವಂತೆ’ ಅಂದೆ. ಅತ್ತೆ, ಹಾಗಾದರೆ ಇದ್ದಾನೆ ತಾನೇ ಎಂದು ಕೇಳಿದರು. ಕಾಗದದಲ್ಲಿ ಇದ್ದಾರೆಂದೂ ಇರಲಿಲ್ಲ, ಇಲ್ಲವೆಂದೂ ಇರಲಿಲ್ಲ. ನಾನು ಹೂಂ ಅಂದೆ.

ಅಲ್ಲಿಂದ ಒಂದು ವರ್ಷ ಆ ಮನೆ ಹೇಗಿತ್ತೆಂದು ಹೇಳುವುದು ಕಷ್ಟ. ನಾನು ಕುಂಕುಮ ಇಡುತ್ತಿದ್ದೆ, ಹೂ ಮುಡಿಯುತ್ತಿರಲಿಲ್ಲ. ಮದುವೆ ಮುಂಜಿಗೆ ಕರೆಯುವವರು ಬಾಗಿಲಲ್ಲಿ ನಿಂತು, ನನಗೆ ಅರಿಶಿನ ಕುಂಕುಮ ಕೊಡಬೇಕೋ ಬೇಡವೋ ತಿಳಿಯದೆ ಅತ್ತೆಯ ಮುಖ ನೋಡುವರು. ಅತ್ತೆ ಬಟ್ಟಲನ್ನು ಅವರ ಕೈಯಿಂದ ಕಿತ್ತುಕೊಂಡು ತಾವೇ ನನ್ನ ಮುಂದೆ ಹಿಡಿಯುವರು. ಆದರೆ ನನ್ನನ್ನು ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಾವನವರು ನನ್ನ ಹತ್ತಿರವಿದ್ದ ಟ್ರಂಕಿನ ಬೀಗದಕೈಯನ್ನು ಅತ್ತೆಯ ಕೈಲಿ ಕೇಳಿ ಕಳಿಸಿದರು. ಸಂಜೆಯವರೆಗೂ ನಕ್ಷೆಯನ್ನು ಕೊಟ್ಟಿಗೆಯ ನೆಲದ ಮೇಲೆ ಹರಡಿಕೊಂಡು ಕೂತಿದ್ದರು. ಗೆರೆಗಳು ಅವರಿಗೆ ಅರ್ಥವಾದವು, ಅಕ್ಷರ ಆಗಲಿಲ್ಲ. ಮೊದಲು ಅತ್ತೆಯನ್ನು ನಡುವೆ ಇಟ್ಟುಕೊಂಡು ಕೇಳಿಸಿದರು. ಅತ್ತೆ ನಕ್ಷೆಯ ಮೂಲೆ ಹಿಡಿದು ಬಾಗಿಲಿಗೆ ತರುವರು, ನಾನು ಓದಿ ಹೇಳುವೆ, ಅವರು ಹೋಗಿ ತಪ್ಪಾಗಿ ಹೇಳುವರು. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಮಾವನವರು ಕೊಟ್ಟಿಗೆಯಿಂದಲೇ ಕರೆದರು. ‘ಅಮ್ಮಾಯೀ, ನೀನೇ ಬಾ. ಇಲ್ಲಿ ಕೂತ್ಕೊಂಡು ಓದು.’

ನಾನು ಹೋಗಿ ನಕ್ಷೆಯ ಆಚೆ ಬದಿಯಲ್ಲಿ ಕೂತೆ. ಅತ್ತೆಗೆ ಇದು ಸೇರಲಿಲ್ಲ. ಬೀದಿಯವರು ಏನಂದಾರು ಎಂದು ನನ್ನನ್ನೇ ಬೈದರು. ಮಗ ಬಂದು ಮಾಡಬೇಕಾದ್ದನ್ನು ಇವರು ಮಾಡಿ ಮುಗಿಸಿದರೆ ಅವನು ಬರುವುದಿಲ್ಲ ಎಂಬ ಭಯವೂ ಅವರಿಗೆ ಇತ್ತು. ಅದನ್ನು ನನಗೆ ಒಂದೇ ಸಲ ಹೇಳಿದರು, ರಾಗಿ ಬೀಸುತ್ತಾ, ನನ್ನ ಕಡೆ ನೋಡದೆ.

ಮಾವನವರು ಮೊದಲು ಹಿಡಿದದ್ದು ಸುಟ್ಟುಹೋದ ಎಡಗಡೆಯ ಪಕ್ಕೆಲುಬುಗಳ ಕೆಲಸವನ್ನು. ಬಲಗಡೆಯದರ ಮೇಲಿಟ್ಟು ಗುರುತು ಮಾಡಿ ಹೊಸದಾಗಿ ಕೊಯ್ದರು. ಜಾಲಿ ಮರಕ್ಕೆ ಬಾಚಿ ಬೀಸಿದ ಕೈ. ಬೂರುಗ ಆ ಕೈಗೆ ತೀರ ಮೆದು, ಒತ್ತಿದರೆ ಮುರಿಯುತ್ತಿತ್ತು. ಇಪ್ಪತ್ತು ಪಕ್ಕೆಲುಬು ಆಗುವಷ್ಟರಲ್ಲಿ ಎಷ್ಟೋ ಮುರಿದರು. ಒಂದು ದಿನ ಹಾಗೆ ಮುರಿದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಟ್ಟರು.

‘ಅವತ್ತು ನೀನು ನೋಡಿದ್ದೆ ಅಲ್ವಾ?’ ಅಂದರು.

‘ನೋಡಿದ್ದೆ ಮಾವಾ.’

‘ಅವನಿಗೆ ಯಾಕೆ ಹೇಳ್ಲಿಲ್ಲ?’

ಹೇಳಬೇಕು ಅನ್ನಿಸಲಿಲ್ಲ ಎಂದೆ. ಅವರು ತಲೆಯಾಡಿಸಿ ಇನ್ನೊಂದು ಹಲಗೆ ಎತ್ತಿಕೊಂಡರು.

ಆಮೇಲೆ ಕೆಲಸ ಸಾಗಿತು. ಬಿದಿರು ಸೀಳಿ ರೆಕ್ಕೆಯ ಉದ್ದದ ಕಡ್ಡಿಗಳನ್ನು ಹಾಕಿದರು. ನಾನು ನಂಬರು ಓದಿ ಒಂದೊಂದೇ ಪಕ್ಕೆಲುಬು ಎತ್ತಿ ಕೊಡುವೆ, ಅವರು ವಜ್ರ ಹಚ್ಚಿ ಕೂರಿಸುವರು. ಒಣಗುವ ತನಕ ಇಬ್ಬರೂ ಎರಡು ಕಡೆ ಹಿಡಿದುಕೊಂಡು ಕೂರಬೇಕು. ಹಾಗೆ ಕೂತಾಗ ಮಾತು ಬರುತ್ತಿತ್ತು. ಮಗ ಚಿಕ್ಕವನಿದ್ದಾಗ ಮೂರು ವರ್ಷದ ತನಕ ಮಾತೇ ಆಡಿರಲಿಲ್ಲವಂತೆ. ಆಮೇಲೆ ಆಡಿದ ಮೊದಲ ಮಾತು ಏನೆಂದು ನಾನು ಕೇಳಿದರೆ ಅವರಿಗೆ ನೆನಪಿರಲಿಲ್ಲ. ಅದಕ್ಕೇ ಅರ್ಧ ದಿನ ಪೇಚಾಡಿದರು. ರೇಡಿಯೋ ಇಡುವ ಚೌಕಕ್ಕೆ ಸಣ್ಣದೊಂದು ಮುಚ್ಚಳ ಮಾಡಿ ಹಿತ್ತಾಳೆಯ ತಿರುಗಣೆ ಚಿಲಕ ಹಾಕಿದರು. ಒಳಗೆ ಏನೂ ಇಡಲಿಲ್ಲ.

ರೆಕ್ಕೆಗೆ ಹೊದಿಸುವುದಕ್ಕೆ ನನ್ನ ಗಂಡ ಹುತ್ತೂರಿನ ಕಡೆಯಿಂದ ತಂದಿಟ್ಟಿದ್ದ ತೆಳು ರೇಷ್ಮೆ ಇತ್ತು. ಯುದ್ಧಕಾಲದಲ್ಲಿ ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋಗುತ್ತಿತ್ತು, ಬೇರೆ ಸಿಗುವ ಹಾಗಿರಲಿಲ್ಲ. ನಾನು ಅದನ್ನು ಪಕ್ಕೆಲುಬಿಗೆ ಸೇರಿಸಿ ಸಣ್ಣ ಹೊಲಿಗೆ ಹಾಕಿ ಬಿಗಿದೆ. ಮೂತಿಯಲ್ಲಿ ಎಂಜಿನ್ನಿನ ತೂಕ ಇರಬೇಕಿತ್ತು. ಗಾಡಿಯ ಚಕ್ರ ಕಳಚದ ಹಾಗೆ ಅಚ್ಚಿಗೆ ಸಿಕ್ಕಿಸುವ ಕಡಾಣಿಯೊಂದನ್ನು ಮಾವನವರು ಅಲ್ಲಿ ಕಟ್ಟಿದರು.

ರೆಕ್ಕೆಯ ಎರಡೂ ತುದಿಯ ಹತ್ತಿರ ನಕ್ಷೆಯಲ್ಲಿ ‘ವಾಷ್ ಔಟ್’ ಎಂದೂ, ಅದರ ಪಕ್ಕದಲ್ಲಿ ಕಾಲು ಇಂಚು ಎಂದೂ ಬರೆದಿತ್ತು. ನನಗೆ ಗೊತ್ತಿದ್ದದ್ದು ‘ವಾಷ್’ ಅಂದರೆ ತೊಳೆಯುವುದು. ಗೊತ್ತಾಗುತ್ತಿಲ್ಲ ಎನ್ನಬಹುದಿತ್ತು. ಆದರೆ ಆ ಕೊಟ್ಟಿಗೆಯಲ್ಲಿ ನನಗೆ ಕೂರಲು ಜಾಗ ಸಿಕ್ಕಿದ್ದೇ ಇಂಗ್ಲಿಷಿನಿಂದ. ಗೊತ್ತಿಲ್ಲವೆಂದರೆ ಮತ್ತೆ ಅಡುಗೆಮನೆ. ‘ತುದಿ ತೊಳೀಬೇಕಂತೆ ಮಾವಾ’ ಅಂದೆ. ಅವರು ಸ್ವಲ್ಪ ಯೋಚಿಸಿ, ಒದ್ದೆ ಬಟ್ಟೆಯಲ್ಲಿ ಎರಡೂ ತುದಿಯ ರೇಷ್ಮೆಯನ್ನು ಮೆಲ್ಲಗೆ ಒರೆಸಿದರು. ಒಣಗಿದ ಮೇಲೆ ರೇಷ್ಮೆ ಬಿಗಿಯಾಗಿ ಚೆಂದ ಕಂಡಿತು. ನೋಡು, ಸುಮ್ಮನೆ ಬರೆದಿರಲ್ಲ ಎಂದರು.

ಸಂಕ್ರಾಂತಿ ಕಳೆದು, ರಾಗಿ ಕೊಯ್ದ ಹೊಲಗಳೆಲ್ಲ ಬಯಲಾಗಿದ್ದವು. ಊರಾಚೆಯ ಬಂಡೆಯ ಹತ್ತಿರ ಒಂದು ಬೆಳಿಗ್ಗೆ ಗಾಡಿಯಲ್ಲಿ ಹುಲ್ಲು ಹಾಸಿ ವಿಮಾನ ತೆಗೆದುಕೊಂಡು ಹೋದೆವು. ಅತ್ತೆ ಬರುವುದಿಲ್ಲ ಎಂದವರು, ಗಾಡಿ ಹೊರಟ ಮೇಲೆ ಬಾಗಿಲು ಹಾಕಿಕೊಂಡು ಹಿಂದೆಯೇ ನಡೆದು ಬಂದರು. ಮಾವನವರು ಬಂಡೆ ಹತ್ತಿ, ಗಾಳಿಗೆ ಎದುರಾಗಿ ನಿಂತು, ಎರಡೂ ಕೈಯಲ್ಲಿ ಎತ್ತಿ ಬಿಟ್ಟರು.

ಅದು ಹೋಯಿತು. ಒಂದು ಹೊಲ ದಾಟಿತು, ಬದು ದಾಟಿತು. ಬಿಸಿಲು ರೇಷ್ಮೆಯ ಒಳಗಿಂದ ಹಾದು ಪಕ್ಕೆಲುಬುಗಳೆಲ್ಲ ಕೆಳಗಿನಿಂದ ಎಣಿಸುವ ಹಾಗೆ ಕಂಡವು. ನಾನು ಅತ್ತೆಯ ಕಡೆ ತಿರುಗಿದೆ. ಅವರು ಕೈಮುಗಿದುಕೊಂಡಿದ್ದರು. ಅಷ್ಟರಲ್ಲಿ ಗಾಳಿ ಒಮ್ಮೆ ಜೋರಾಯಿತು. ವಿಮಾನ ಮೂತಿ ಎತ್ತಿ, ನಿಧಾನವಾಗಿ, ಎಡಗಡೆಯ ತುದಿ ಕುಸಿದು, ಸುತ್ತಿಕೊಂಡು ಕೆಳಗೆ ಬಂತು. ಮಾವಿನ ತೋಪಿನ ಕಲ್ಲುಗೋಡೆಯ ಮೇಲೆ ಬಿತ್ತು.

ನಾವು ಹೋಗುವಷ್ಟರಲ್ಲಿ ಮಾವನವರು ಅಲ್ಲಿ ಕುಕ್ಕರುಗಾಲಲ್ಲಿ ಕೂತು ತುಂಡುಗಳನ್ನು ಆರಿಸುತ್ತಿದ್ದರು. ಬಲಗಡೆ ಹೆಚ್ಚು ಮುರಿದಿರಲಿಲ್ಲ. ಎಡಗಡೆ ಪುಡಿಯಾಗಿತ್ತು. ‘ಅವನು ಮಾಡಿದ್ದು ನಿಂತಿದೆ, ನಾನು ಮಾಡಿದ್ದು ಬಿತ್ತು’ ಅಂದರು. ಅತ್ತೆ ಸೆರಗು ಹಾಸಿದರು, ಆರಿಸಿದ್ದನ್ನೆಲ್ಲ ಅದರಲ್ಲಿ ಹಾಕಿಕೊಂಡರು. ಮನೆಗೆ ಬಂದ ಮೇಲೆ ಅತ್ತೆ ಒಳಗೆ ಹೋಗಿ ಅತ್ತರು. ಕಾಗದ ಬಂದ ದಿನವೂ ಅವರು ಅತ್ತಿರಲಿಲ್ಲ.

ಯುದ್ಧ ಮುಗಿಯಿತು. ಹೋದವರಲ್ಲಿ ಕೆಲವರು ಬಂದರು. ನಮಗೆ ಬಂದದ್ದು ಇನ್ನೊಂದು ಕಾಗದ. ತೀರಿಕೊಂಡಿದ್ದಾರೆಂದು ಭಾವಿಸಲಾಗಿದೆ ಎಂದು ಅದರಲ್ಲಿತ್ತು. ಈ ಸಲ ನಾನು ಇದ್ದದ್ದನ್ನು ಇದ್ದ ಹಾಗೇ ಓದಿ ಹೇಳಿದೆ. ದರ್ಭೆಯ ಬೊಂಬೆ ಮಾಡಿ ಕರ್ಮ ಮುಗಿಸಿರೆಂದು ನೆಂಟರು ಒತ್ತಾಯ ಮಾಡಿದರು. ಅತ್ತೆ ಒಪ್ಪಲಿಲ್ಲ. ಮಾವನವರು ಅದನ್ನು ಅಲ್ಲಿಗೇ ಬಿಟ್ಟು, ನನ್ನನ್ನು ಕೋಲಾರದಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿಸಿದರು. ಸೇರಿಸುವ ದಿನ ತಾವೇ ಜೊತೆಗೆ ಬಂದರು. ಬಿಟ್ಟು ಹೋಗುವಾಗ, ಚೆನ್ನಾಗಿ ಓದು ಎಂದಷ್ಟೇ ಹೇಳಿ, ಹಿಂತಿರುಗಿ ನೋಡದೆ ಹೋದರು.

ಅಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು ಒಂದು ದಿನ ಹಕ್ಕಿ ಹೇಗೆ ಹಾರುತ್ತದೆ, ವಿಮಾನ ಹೇಗೆ ಹಾರುತ್ತದೆ ಎಂದು ಪಾಠ ಮಾಡಿದರು. ಪಾಠ ಮುಗಿದ ಮೇಲೆ ನಾನು ಹತ್ತಿರ ಹೋಗಿ ‘ವಾಷ್ ಔಟ್’ ಅಂದರೆ ಏನೆಂದು ಕೇಳಿದೆ. ಅವರು ಒಂದು ಪಟ್ಟಿ ಕಾಗದ ತೆಗೆದು, ಅದರ ತುದಿಯನ್ನು ಒಂದಿಷ್ಟೇ ತಿರುಚಿ ತೋರಿಸಿದರು. ರೆಕ್ಕೆಯ ತುದಿಯ ಹಿಂಬದಿಯನ್ನು ಹೀಗೆ ಸ್ವಲ್ಪ ಮೇಲಕ್ಕೆ ತಿರುಚಬೇಕು, ಇಲ್ಲದಿದ್ದರೆ ಮೂತಿ ಎತ್ತಿದಾಗ ಒಂದು ತುದಿ ಕುಸಿದು ವಿಮಾನ ಸುತ್ತಿಕೊಂಡು ಬೀಳುತ್ತದೆ ಎಂದರು. ಯಾಕಮ್ಮಾ ಕೇಳಿದಿರಿ ಎಂದರು.

ಆ ಶನಿವಾರವೇ ಶ್ರೀನಿವಾಸಪುರಕ್ಕೆ ಹೋದೆ. ಮಾವನವರು ಆಗಲೇ ಸೊರಗಿದ್ದರು, ಚಕ್ರದ ಕೆಲಸ ಬಿಟ್ಟು ನೇಗಿಲು ರಿಪೇರಿ ಮಾತ್ರ ಮಾಡುತ್ತಿದ್ದರು. ಕೊಟ್ಟಿಗೆಯಲ್ಲಿ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ನನಗೆ ಆ ಮಾತು ಗೊತ್ತಿರಲಿಲ್ಲ, ಗೊತ್ತಿದ್ದವಳ ಹಾಗೆ ಹೇಳಿದೆ, ವಿಮಾನ ಬಿದ್ದದ್ದು ನನ್ನಿಂದ, ನಿಮ್ಮ ಪಕ್ಕೆಲುಬಿನಿಂದಲ್ಲ ಎಂದು.

ಅವರು ಉಳಿಯ ಬಾಯಿ ಉಜ್ಜುತ್ತಲೇ ಕೇಳಿಸಿಕೊಂಡರು.

‘ಬೇಡ ಅಮ್ಮಾಯೀ’ ಅಂದರು. ‘ಅದು ನಂದು. ನಂಗೇ ಇರ್ಲಿ.’

ಅವರನ್ನು ಒಪ್ಪಿಸುವುದು ನನ್ನಿಂದಾಗಲಿಲ್ಲ. ಮಾರನೆಯ ವರ್ಷ ಮಳೆ ಹಿಡಿಯುವ ಮುಂಚೆ ತೀರಿಕೊಂಡರು. ಆಗ ನನಗೆ ಮುಳಬಾಗಿಲಿನಲ್ಲಿ ಕೆಲಸ ಸಿಕ್ಕಿತ್ತು. ಅವರ ಉಳಿ ಬಾಚಿಗಳನ್ನು ಅದೇ ಬೀದಿಯ ಇನ್ನೊಬ್ಬ ಬಡಗಿಗೆ ಕೊಟ್ಟು, ಮನೆಗೆ ಬೀಗ ಹಾಕಿ, ಅತ್ತೆಯನ್ನು ಕರೆದುಕೊಂಡು ಹೊರಟೆ. ಬಸ್ಸು ಹತ್ತಿದ ಮೇಲೆ ಅವರು, ಅಲ್ಲಿ ಒಂದು ಎಮ್ಮೆ ತಂದು ಕಟ್ಟಲು ಜಾಗ ಇದೆಯಾ ಎಂದು ಕೇಳಿದರು. ನೋಡೋಣ ಎಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅವರಾಗಿ ನನ್ನ ಮೈ ಮುಟ್ಟಿದ್ದು ಅದೇ ಮೊದಲು. ಮುಳಬಾಗಿಲು ಬಂದು ಜನರೆಲ್ಲ ಇಳಿದರೂ ನಾನು ಅಲುಗಾಡಲಿಲ್ಲ. ಕೊನೆಗೆ ಕಂಡಕ್ಟರೇ ಬಂದು ಅವರನ್ನು ಎಬ್ಬಿಸಿದ.