ಪಾಯಿಂಟ್ ಕುಕ್‌ನಲ್ಲಿ ಕಂಡ ಲೋಹದ ಗೋಳ

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿರುವ ಮಗಳ ಮನೆಯಿಂದ ಹೊರಟೆ. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಸ್ಟಾಪ್‌ವಾಚ್, ಕೆಂಪು ಶಾಯಿಯ ಪೆನ್ನು ಮತ್ತು ಮೂವತ್ತೆಂಟು ವರ್ಷ ಹಳೆಯದಾದ ನನ್ನ ಕೆಲಸದ ಪುಸ್ತಕ. ವಿಮಾನ ನಿಲ್ದಾಣಕ್ಕೆ ಸುಮಾರು ಐವತ್ತು ಕಿಲೋಮೀಟರ್. ದಾರಿಯುದ್ದಕ್ಕೂ ಮಗಳದು ಒಂದೇ ಮಾತು: “ಅಪ್ಪಾ, ನಿಮ್ಮ ಹಳೇ ಸಾಹೇಬ್ರಿಗೀಗ ಎಂಬತ್ತಾರು ವರ್ಷ. ಬಿಟ್ಬಿಡಿ.” ನಾನು ಬಿಡಲಿಲ್ಲ.

ಬೆಂಗಳೂರಿನಲ್ಲಿ ನಾನು ರೇಡಾರ್ ಪರೀಕ್ಷಕನಾಗಿದ್ದೆ. ಉಪಗ್ರಹಯುಗದ ಆರಂಭದಲ್ಲಿ ಪರದೇಶದ ಸೈನ್ಯವೊಂದು, ಶತ್ರು ಕ್ಷಿಪಣಿಗಳನ್ನು ಗುರುತಿಸಬೇಕಾದ ರೇಡಾರುಗಳ ಪರೀಕ್ಷೆಗೆಂದೇ ಟೊಳ್ಳು ಲೋಹದ ಗೋಳಗಳನ್ನು ಕಕ್ಷೆಗೆ ಏರಿಸಿತ್ತು. ಒಳಗೆ ಯಂತ್ರವಿಲ್ಲ, ದನಿಯಿಲ್ಲ. ಗಾತ್ರ ಮಾತ್ರ ಕರಾರುವಾಕ್ಕು. ಗೋಳ ಬರುವ ಕಡೆಗೆ ರೇಡಾರ್ ತಿರುಗಿಸಿ ಕಾದರೆ, ಮರಳುವ ಪ್ರತಿಧ್ವನಿಯಿಂದ ರೇಡಾರಿನ ಕುಂದು ತಿಳಿಯುತ್ತದೆ. ಅಂಥದೊಂದು ಗೋಳದ ಹಾದಿಯನ್ನು ಕೈಯಲ್ಲೇ ಲೆಕ್ಕಹಾಕಿ ನಾನು ಪ್ರತಿಧ್ವನಿ ಹಿಡಿದಿದ್ದೆ. ಮೇಲಧಿಕಾರಿ ವಾಸುದೇವ ಉಡುಪರು ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ‘ಹದ್ದು’ ಎಂದು ಬರೆದು, ಸಿಕ್ಕಿದ್ದು ಗೋಳವಲ್ಲ, ಹಾರುವ ಹಕ್ಕಿ, ಡಿಪ್ಲೊಮಾದವರ ಲೆಕ್ಕಕ್ಕೆ ಸಿಗುವುದು ಹದ್ದೇ ಎಂದು ಎಲ್ಲರೆದುರು ಹೇಳಿದರು. ಹನ್ನೊಂದು ಮಂದಿ ನಕ್ಕರು. ಹೆಸರುಗಳು ನನ್ನಲ್ಲಿವೆ.

ಮೆಲ್ಬರ್ನ್‌ನಲ್ಲಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಉಡುಪರು ಈಗ ಮಗ–ಸೊಸೆಯೊಂದಿಗೆ ಅಲ್ಲಿನ ಪಾಯಿಂಟ್ ಕುಕ್‌ನಲ್ಲಿದ್ದಾರೆ. ಸೊಸೆ ಅಕ್ಷತಾ ಕಾರು ತಂದಿದ್ದಳು. ಅವಳ ಬಳಿ ದೊಡ್ಡ ದೂರದರ್ಶಕವಿದೆಯೆಂದು ಫೋನಿನಲ್ಲಿ ಮೊದಲೇ ಖಚಿತಪಡಿಸಿಕೊಂಡಿದ್ದೆ. ಮಧ್ಯಾಹ್ನದ ನೀರುದೋಸೆ ಚೆನ್ನಾಗಿತ್ತು, ಕಾಫಿ ಆರಿತ್ತು. ಉಡುಪರು ನನ್ನನ್ನು ದಿಟ್ಟಿಸಿ, “ಹದ್ದಿನವರಲ್ವಾ ನೀವು?” ಎಂದರು. ಅವರೂ ಮರೆತಿರಲಿಲ್ಲ.

ಅದೇ ಗೋಳ ಇಂದಿಗೂ ಸುತ್ತುತ್ತಿದೆ. ಈಗಿನ ಕಕ್ಷೆಯ ಅಂಕಿಗಳನ್ನು ಹಿಡಿದು, ಅಂದಿನ ನನ್ನ ವಿಧಾನದಲ್ಲೇ, ನಾಲ್ಕು ದಿನ ಕುಳಿತು ಲೆಕ್ಕ ಮುಗಿಸಿದ್ದೆ. ಕತ್ತಲಾಗುತ್ತಿದ್ದಂತೆ ಹಿತ್ತಲಲ್ಲಿ ದೂರದರ್ಶಕವನ್ನು ನಾನು ಗುರುತಿಸಿದ ನಕ್ಷತ್ರದ ಪಕ್ಕಕ್ಕೆ ತಿರುಗಿಸಿ, ಉಡುಪರನ್ನು ಅದರ ಮುಂದೆ ಕೂರಿಸಿ, ಏಳು ಗಂಟೆ ಹದಿನಾಲ್ಕು ನಿಮಿಷಕ್ಕೆ ಸರಿಯಾಗಿ ಬರುತ್ತದೆ ಎಂದೆ. ಹದಿನಾಲ್ಕಾಯಿತು. ಸ್ಟಾಪ್‌ವಾಚ್ ನೋಡುತ್ತ ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸತೊಡಗಿದೆ.

“ಖಾಲಿ ಉಂಟಲ್ಲ ಮಾರಾಯ್ರೇ,” ಎಂದವರು ತಟ್ಟನೆ ಮುಂದಕ್ಕೆ ಬಾಗಿದರು. ಆಮೇಲೆ ಮೆಲ್ಲಗೆ ಹೇಳಿದರು: “ಬಂತು. ಮೂರು ಸೆಕೆಂಡು ತಡ.”

“ಗೋಳ ತಡವಾಗಿಲ್ಲ ಸಾರ್. ನೀವು ಹೇಳಿದ್ದು ತಡ.”

ಅವರು ಕಣ್ಣು ತೆಗೆಯದೆಯೇ ನಕ್ಕು, ಪುಸ್ತಕಕ್ಕಾಗಿ ಕೈಚಾಚಿದರು. ಕೆಂಪು ಪೆನ್ನನ್ನೂ ಕೊಟ್ಟೆ. ‘ಹದ್ದು’ ಹೊಡೆದುಹಾಕಿ, ‘ಗೋಳವೇ. ಲೆಕ್ಕ ಸರಿ’ ಎಂದು ಬರೆದು ಸಹಿ ಮಾಡಿದರು. ದಿನಾಂಕ, ವೇಳೆಗಳನ್ನೂ ಬರೆಸಿಕೊಂಡೆ.

ಮರುದಿನ ವಿಮಾನದಲ್ಲಿ ಕೈಚೀಲ ಮೇಲಿನ ಗೂಡಿಗೆ ಹೋಯಿತು. ಪುಸ್ತಕ ತೊಡೆಯ ಮೇಲೆಯೇ ಇತ್ತು. ಕಿಟಕಿಯಲ್ಲಿ ಮೆಲ್ಬರ್ನಿನ ಕಡಲಂಚು ಹಿಂದೆ ಸರಿಯುವಾಗ ಮತ್ತೊಮ್ಮೆ ಆ ಪುಟ ತೆರೆದೆ. ಇದರ ಪ್ರತಿಯನ್ನು ಹನ್ನೊಂದು ಮಂದಿಗೂ ಅಂಚೆಯಲ್ಲಿ ಕಳಿಸಬೇಕು. ನಾಲ್ವರು ಈಗಿಲ್ಲ, ಅವರ ಮನೆಯವರಿಗೆ ಕಳಿಸುತ್ತೇನೆ.